ಅವಲಪಲ್ಲಿಯ ಶಶಿಕುಮಾರ್ ಹೂ ಕಟ್ಟಲು ಕಲಿತದ್ದು

ಅವಲಪಲ್ಲಿಯ ಶಶಿಕುಮಾರನ ಮನೆಯ ಅಟ್ಟ ಹತ್ತಿ ನೋಡಿದವರಿಗೆ ಅವನ ಜೀವನಚರಿತ್ರೆಯನ್ನು ಬೇರೆ ಯಾರೂ ಹೇಳಬೇಕಾಗಿಲ್ಲ. ಎಡಮೂಲೆಯಲ್ಲಿ ಎರಡು ತಂತಿ ಕಿತ್ತುಹೋದ ಗಿಟಾರು. ಅದರ ಪಕ್ಕ ಒಂದು ಜೊತೆ ಡಂಬೆಲ್ಲು. ಅವುಗಳಿಗೆ ಒರಗಿಕೊಂಡು ಈಗ ಉಪ್ಪಿನಕಾಯಿ ಜಾಡಿ ಕೂತಿದೆ. ಮೀನಿಲ್ಲದ ಮೀನಿನ ತೊಟ್ಟಿ. ಅಡಿ ಸವೆಯದ ಓಟದ ಶೂ. ಮೂವತ್ತು ದಿನದಲ್ಲಿ ಚಿತ್ರ ಬಿಡಿಸಲು ಕಲಿಸುತ್ತೇವೆ ಎನ್ನುವ ಪುಸ್ತಕ, ಒಂಬತ್ತನೆಯ ದಿನದ ಪುಟದಲ್ಲಿ ಬಸ್ ಟಿಕೆಟ್ಟು ಸಿಕ್ಕಿಸಿಕೊಂಡು ಮಲಗಿದೆ. ಆ ಪುಟದಲ್ಲಿ ಕುದುರೆ ಬಿಡಿಸಬೇಕಿತ್ತು. ಶಶಿಕುಮಾರ್ ಬಿಡಿಸಿದ್ದನ್ನು ಅವನ ಹೆಂಡತಿ ಮೇಘಶ್ರೀ ಮಂಚ ಎಂದುಕೊಂಡಿದ್ದಳು.

ಪ್ರತಿಸಲವೂ ಅವನು ಮನಸಾರೆ ನಂಬಿಯೇ ಶುರುಮಾಡುತ್ತಿದ್ದ. ಇನ್ನು ಮುಂದೆ ನಾನು ಗಿಟಾರು ಬಾರಿಸುವವನು ಎಂದುಕೊಂಡರೆ ಸಾಕು, ನಡಿಗೆಯೇ ಬದಲಾಗುತ್ತಿತ್ತು. ಮೂರು ತಿಂಗಳಾಗುವಷ್ಟರಲ್ಲಿ ಹಳೆಯ ನಡಿಗೆ ವಾಪಸ್ಸು. ಮೇಘಶ್ರೀ ಬೈಯುವವಳಲ್ಲ. ಮುಂದಿನ ಕೋಣೆಯಲ್ಲಿ ಮಿಷನ್ ಇಟ್ಟುಕೊಂಡು ಬೀದಿಯವರ ರವಿಕೆ ಹೊಲಿಯುವ ಹೆಂಗಸು. ಮಾತಿಗಿಂತ ಕತ್ತರಿ ಜಾಸ್ತಿ ಆಡಿಸುವವಳು. ಅವನು ಹೊಸದೊಂದು ಡಬ್ಬ ಹಿಡಿದು ಮನೆಗೆ ಬಂದ ದಿನ ಅವಳು ಸುಮ್ಮನೆ ಏಣಿ ಹಾಕಿ, ಅಟ್ಟದ ಸಾಮಾನು ಒತ್ತರಿಸಿ ಜಾಗ ಮಾಡಿ ಇಳಿಯುತ್ತಿದ್ದಳು. ಬೈದಿದ್ದರೇ ವಾಸಿಯಾಗಿತ್ತು.

ಅವನ ಕೆಲಸವಾದರೂ ಎಂಥದ್ದು? ಹೊಸೂರು ಗಡಿಯ ಜೂಜುವಾಡಿಯ ಹತ್ತಿರ ಒಂದು ಫ್ಯಾಕ್ಟರಿಯಲ್ಲಿ ಇನ್ಸ್‌ಪೆಕ್ಟರ್. ಗಾಡಿಗಳ ಹೊಟ್ಟೆಯೊಳಗೆ ಕೂರುವ ಹೆಬ್ಬೆರಳು ಗಾತ್ರದ ಉಕ್ಕಿನ ಬುಷ್‌ಗಳನ್ನು ವರ್ನಿಯರ್ ಹಿಡಿದು ಅಳೆಯುವುದು, ಸರಿಯಿದ್ದರೆ ಹಸಿರು ತಟ್ಟೆಗೆ, ಕೂದಲೆಳೆ ಹೆಚ್ಚುಕಡಿಮೆಯಾದರೆ ಕೆಂಪು ಡಬ್ಬಕ್ಕೆ. ಎಂಟು ವರ್ಷದಿಂದ ಬೇರೆಯವರ ತಪ್ಪು ಹುಡುಕಿ ಸಂಬಳ ತಿಂದವನಿಗೆ ತನ್ನದು ಕಾಣದೇ ಇರುತ್ತದೆಯೇ? ತನ್ನಂಥ ಬುಷ್ ಒಂದು ಕೈಗೆ ಸಿಕ್ಕಿದ್ದರೆ ಅಳೆಯುವ ಕಷ್ಟವನ್ನೂ ತೆಗೆದುಕೊಳ್ಳದೆ ಕೆಂಪು ಡಬ್ಬಕ್ಕೆ ಎಸೆಯುತ್ತಿದ್ದೆ ಎಂದು ಅವನೇ ಕ್ಯಾಂಟೀನಿನಲ್ಲಿ ಹೇಳಿ ನಗಿಸುತ್ತಿದ್ದ. ನಕ್ಕವರಲ್ಲಿ ಅವನ ಲೈನಿನ ನರೇಶನದೇ ದೊಡ್ಡ ಬಾಯಿ.

ಅವನ ಮೊದಲನೇ ಶಿಫ್ಟು ಬಿಡುವುದು ಮಧ್ಯಾಹ್ನ ಎರಡಕ್ಕೆ. ಟೌನ್ ಬಸ್ಸು ಬರುವುದು ಅದಕ್ಕೆ ಮನಸ್ಸು ಬಂದಾಗ. ಜೂಜುವಾಡಿ ಸ್ಟಾಪಿನಲ್ಲಿ ಲಾರಿಗಳ ದೂಳು ಬಿಟ್ಟರೆ ಬೇರೇನೂ ಇಲ್ಲ. ನೆರಳು ಅಂತ ಇರುವುದು ಕೊಂಡಮ್ಮನ ಹೂವಿನ ಬುಟ್ಟಿಯ ಮೇಲಿನ ನೀಲಿ ಟಾರ್ಪಾಲಿನ ಅಡಿಯಲ್ಲಿ ಮಾತ್ರ. ಕೊಂಡಮ್ಮ ಅರವತ್ತರ ಹೆಂಗಸು. ಅತ್ತಿಬೆಲೆ ಕಡೆಯಿಂದ ಬಂದವರು ಮಾರು ಲೆಕ್ಕದಲ್ಲಿ ಹೂ ಕೇಳುತ್ತಾರೆ, ಹೊಸೂರು ಕಡೆಯವರು ಮೊಳದ ಲೆಕ್ಕದಲ್ಲಿ. ಅವಳು ಇಬ್ಬರಿಗೂ ಅವರವರ ಮಾತಿನಲ್ಲೇ ಅಳೆದು ಕೊಡುವವಳು. ವ್ಯಾಪಾರಕ್ಕೆ ತಮಿಳು, ಕುಶಲ ವಿಚಾರಿಸಲು ಕನ್ನಡ, ಬೈಯುವುದಕ್ಕೆ ತೆಲುಗು.

ದಿನಾ ಅರ್ಧ ಗಂಟೆ ತನ್ನ ನೆರಳಿನಲ್ಲಿ ನಿಂತು ಫೋನು ಉಜ್ಜುವ ಈ ಯೂನಿಫಾರಂ ಮನುಷ್ಯನನ್ನು ಅವಳು ತಿಂಗಳುಗಟ್ಟಲೆ ನೋಡಿದಳು. ಆಮೇಲೆ ಒಂದು ದಿನ ನೆನೆಹಾಕಿದ ಬಾಳೆನಾರಿನ ಕಟ್ಟನ್ನು ಅವನ ಕಡೆ ತಳ್ಳಿದಳು.

"ಸುಮ್ಕೆ ನಿಂತ್ಕೊಂಡು ಏನ್ಲಾ ಮಾಡ್ತೀಯ. ನೆರಳು ಪುಗಸಟ್ಟೆ ಬತ್ತದಾ? ಈ ನಾರ್ನ ಸಣ್ಣಕೆ ಸೀಳ್ಕೊಡು."

ಸೀಳಿಕೊಟ್ಟ. ಮಾರನೆಯ ದಿನವೂ ಸೀಳಿಕೊಟ್ಟ. ಮೂರನೆಯ ದಿನ ಅವಳ ಬೆರಳು ನೋಡುತ್ತ ಕೂತವನಿಗೆ ಇದೇನು ಮಹಾ ಅನ್ನಿಸಿತು. ಎರಡು ಮೊಗ್ಗು ಈ ಕಡೆ ತಲೆ, ಎರಡು ಆ ಕಡೆ ತಲೆ, ನಾರನ್ನು ತೋರುಬೆರಳಿನಿಂದ ತಿರುವಿ ಕುಣಿಕೆ ಮಾಡಿ ತೊಟ್ಟಿನ ಮೇಲೆ ಹಾಕಿ ಎಳೆದರೆ ಮುಗಿಯಿತು. ತಾನೂ ಒಂದು ಕೈ ನೋಡುತ್ತೇನೆಂದು ಕೇಳಿದ. ಬಸ್ಸು ಬರುವಷ್ಟರಲ್ಲಿ ಕೊಂಡಮ್ಮ ಎರಡು ಮೊಳ ಕಟ್ಟಿದ್ದಳು; ಶಶಿಕುಮಾರ್ ಐದು ಹೂ ಕಟ್ಟಿ, ಅದರಲ್ಲಿ ಮೂರರ ತಲೆ ಕಿತ್ತಿದ್ದ. ಕೊಂಡಮ್ಮ ಅದನ್ನು ಎತ್ತಿ ಹಿಡಿದು ತಿರುಗಿಸಿ ನೋಡಿದಳು.

"ಇದು ಹೂವಾ, ಗಾಯಕ್ಕೆ ಸುತ್ತಿದ್ ಬಟ್ಟೇನಾ?"

ಬಸ್ಸಿನಲ್ಲಿ ಕೂತ ಶಶಿಕುಮಾರ್ ಎಂದಿನಂತೆ ಫೋನು ತೆಗೆದು ಹೂ ಕಟ್ಟುವ ಸಾಮಾನು ಎಲ್ಲಿ ಸಿಗುತ್ತದೆ ಎಂದು ಹುಡುಕಿದ. ಸಿಗಲಿಲ್ಲ. ಹೂ ಕಟ್ಟಲು ಬೇಕಾದ ಸಾಮಾನು ಹತ್ತು ಬೆರಳು. ಅವು ಅವನ ಹತ್ತಿರ ಮೊದಲೇ ಇದ್ದವು. ಕೊಳ್ಳುವ ಸಂತೋಷವೇ ಇಲ್ಲದೆ, ಮೇಘಶ್ರೀ ಏಣಿ ಹಾಕುವ ಸಂದರ್ಭವೇ ಬಾರದೆ, ಅವನ ಬದುಕಿನಲ್ಲಿ ಮೊದಲ ಬಾರಿಗೆ ಒಂದು ಹವ್ಯಾಸ ಹೀಗೆ ಅನಾಥವಾಗಿ ಶುರುವಾಯಿತು.

ಎರಡು ವಾರ ಕಳೆದರೂ ಕುಣಿಕೆ ಅವನ ಬೆರಳಿಗೆ ಒಲಿಯಲಿಲ್ಲ. ಆಗ ಅವನೊಳಗಿನ ಇನ್ಸ್‌ಪೆಕ್ಟರ್ ಎದ್ದು ಕೂತ. ಬೆರಳಿಗೆ ಬಾರದ್ದನ್ನು ಬುದ್ಧಿಯಿಂದ ಮಾಡಬೇಕು ಎಂದ. ನಾಟ್ರಾಂಪಾಳ್ಯದಲ್ಲಿ ಮೇಘಶ್ರೀಯ ಅಣ್ಣನ ಹೆಂಡತಿ ಸುಷ್ಮಾಳ ಸೀಮಂತ ಹತ್ತಿರ ಬಂದಿತ್ತು. ಹೆಂಡತಿಯ ತಲೆಗೆ ಕೈಯಾರೆ ಕಟ್ಟಿದ ಹೂ ಮುಡಿಸಿ ತವರಿಗೆ ಕರೆದುಕೊಂಡು ಹೋಗಬೇಕು, ಅವಳ ಬಾಯಿಂದ ಒಂದು ಒಳ್ಳೆಯ ಮಾತು ಬರಬೇಕು ಎಂಬುದು ಲೆಕ್ಕ. ಒಂದು ಹಲಗೆ ತಂದ. ಎರಡು ತುದಿಗೆ ಎರಡು ಮೊಳೆ ಹೊಡೆದ. ಮೊಳೆಗಳ ನಡುವೆ ನೂಲನ್ನು ಬಿಗಿದು, ಅದರ ಮೇಲೆ ಕಾಕಡ ಮಲ್ಲಿಗೆಯ ಮೊಗ್ಗು ಜೋಡಿಸಿ, ಇನ್ನೊಂದು ನೂಲಿನಿಂದ ಮೋಟರಿಗೆ ತಂತಿ ಸುತ್ತುವ ಹಾಗೆ ಈ ತುದಿಯಿಂದ ಆ ತುದಿಗೆ ಸುತ್ತುತ್ತ ಹೋದ. ಹೂವಿನಿಂದ ಹೂವಿಗೆ ಹನ್ನೆರಡು ಮಿಲಿಮೀಟರು, ವರ್ನಿಯರ್ ಹಿಡಿದು ಅಳೆದದ್ದು. ಹೂವಿಗೆ ಹೂವಿಗೆ ಗಂಟು ಯಾಕೆ, ಎರಡು ತುದಿಗೆ ಎರಡು ಗಂಟು ಸಾಕು ಎಂದು ತೀರ್ಮಾನಿಸಿದ. ಕೊಂಡಮ್ಮನಿಗೆ ತೋರಿಸಲಿಲ್ಲ. ಎಂಟು ವರ್ಷದ ಅನುಭವ ಇರುವವನು ಬುಟ್ಟಿಯವಳನ್ನು ಕೇಳಬೇಕೇ?

ದಂಡೆ ನಿಜಕ್ಕೂ ಚೆನ್ನಾಗಿತ್ತು. ಅಡಿಕೋಲಿನ ಹಾಗೆ ನೆಟ್ಟಗಿತ್ತು. ಮೇಘಶ್ರೀ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ ಮುಡಿದಳು. ದಾರದ ಗುಣ ತಿಳಿದವಳು. ಆದರೂ ಗಂಡನ ಮುಖ ನೋಡಿ ಬಾಯಿ ಕಟ್ಟಿಕೊಂಡಳು.

ಆ ಸೀಮೆಯಲ್ಲಿ ಹೂವನ್ನು ಒಬ್ಬಳೇ ಮುಡಿಯುವ ಪದ್ಧತಿ ಇಲ್ಲ. ದಂಡೆ ಉದ್ದವಿದ್ದವಳು ಇಲ್ಲದವಳಿಗೆ ಹರಿದು ಕೊಡಬೇಕು. ಕೊಡದಿದ್ದರೆ ಹೂವಿಗೂ ಮರ್ಯಾದೆಯಿಲ್ಲ, ತಲೆಗೂ ಇಲ್ಲ. ಇದು ಹುಟ್ಟಿದಾಗಿನಿಂದ ಶಶಿಕುಮಾರನಿಗೆ ಗೊತ್ತಿರುವ ಸಂಗತಿ. ಮೊಳೆ ಹೊಡೆಯುವಾಗ ಮಾತ್ರ ನೆನಪಾಗಿರಲಿಲ್ಲ.

ಸೀಮಂತದ ಮನೆಯಲ್ಲಿ ಆರತಿಗೆ ತಟ್ಟೆ ಸಿದ್ಧವಾಗಿತ್ತು. ಬಸುರಿ ಸುಷ್ಮಾ ಅತ್ತಿಗೆ ಮಣೆಯ ಮೇಲೆ ಕೂತಲ್ಲಿಂದಲೇ ನನಗೂ ಒಂದು ತುಂಡು ಕೊಡು ಎಂದಳು. ಮೇಘಶ್ರೀ ಜಡೆಯಿಂದ ದಂಡೆ ಬಿಚ್ಚಿ, ನಡುವಿಗೆ ಹಿಡಿದು ಹರಿದಳು. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಸುತ್ತಿದ ನೂಲು ಎರಡೂ ಕಡೆಯಿಂದ ಬಿಚ್ಚಿಕೊಳ್ಳುತ್ತ, ತಲಾ ಹನ್ನೆರಡು ಮಿಲಿಮೀಟರಿಗೆ ಒಂದರಂತೆ, ಒಂದೊಂದಾಗಿ, ಶಿಸ್ತಿನಿಂದ, ಎಲ್ಲ ಹೂವೂ ಆರತಿ ತಟ್ಟೆಗೆ, ಅರಿಶಿನದ ನೀರಿಗೆ, ಸುಷ್ಮಾಳ ಮಡಿಲಿಗೆ ಉದುರಿದವು. ಮೇಘಶ್ರೀಯ ಕೈಯಲ್ಲಿ ಉಳಿದದ್ದು ಎರಡು ನೂಲು. ಅವಳ ಅಜ್ಜಿ ಸಾಕಮ್ಮ ಮೂಲೆಯಿಂದ ಕತ್ತು ಚಾಚಿದಳು.

"ಇದೇನವ್ವಾ, ಅಳಿಯ ಹೂವಾ ಮುಡಿಯಾಕೆ ಕಟ್ಟವ್ನೋ, ಸುರಿಯಾಕೆ ಕಟ್ಟವ್ನೋ?"

ಇಡೀ ಮನೆ ನಕ್ಕಿತು. ಶಶಿಕುಮಾರನೂ ನಕ್ಕ, ಬೇರೆ ದಾರಿಯಿರಲಿಲ್ಲ. ಮೇಘಶ್ರೀ ನಗಲಿಲ್ಲ. ಸೆರಗಿನಲ್ಲಿ ಹೂ ಆಯ್ದು ತುಂಬಿಕೊಂಡಳು. ತವರಿನಲ್ಲಿ ಬರಿಯ ಜಡೆಯಲ್ಲಿ ಓಡಾಡಿದಳು. ಯಾರೋ ಕೊಟ್ಟ ತುಂಡನ್ನೂ ಬೇಡವೆಂದಳು. ಅದು ಕೋಪವೋ, ಗಂಡನ ಪರವಾಗಿ ಹಟವೋ ಅವನಿಗೆ ತಿಳಿಯಲಿಲ್ಲ. ವಾಪಸ್ಸು ಬರುವಾಗ ಅಂಚೆಟ್ಟಿ ಸ್ಟಾಂಡಿನಲ್ಲಿ ಬಸ್ಸಿಗೆ ಕಾಯುತ್ತ ಅವಳೇ ಮಾತು ತೆಗೆದಳು.

"ಹರಿದ್ರೂ ನಿಂತ್ಕೊಳ್ಳೋ ಹಂಗೆ ಕಟ್ಟಿದ್ ದಿನ ನಿಮ್ಮ್ ಹೂವ ಮುಡೀತೀನಿ. ಅಲ್ಲೀಗಂಟ ನಾ ಮುಡಿಯಾದಿಲ್ಲ."

"ಅದೂ ಅಟ್ಟಕ್ಕೇ ಹೋಯ್ತದೆ ಅನ್ಕೊಂಡಿದ್ದೀಯ," ಎಂದ ಶಶಿಕುಮಾರ್.

"ಹಲಗೆ ಹೋಯ್ತದೆ. ಬೆರಳ ಹೆಂಗೆ ಅಟ್ಟಕ್ಕಾಕ್ತೀರ?"

ಸೋಮವಾರ ಕೊಂಡಮ್ಮನಿಗೆ ಎಲ್ಲ ಹೇಳಿದ. ಮೊಳೆ, ಹಲಗೆ, ಹನ್ನೆರಡು ಮಿಲಿಮೀಟರು, ಒಂದನ್ನೂ ಮುಚ್ಚಿಡದೆ, ಆರತಿ ತಟ್ಟೆಯ ಭಾಗ ಬಂದಾಗ ತಾನೇ ಅಭಿನಯಿಸಿ ತೋರಿಸಿದ. ಕೊಂಡಮ್ಮ ನಗುತ್ತ ನಗುತ್ತ ತೆಲುಗಿಗೆ ಹೋದಳು. ಕಣ್ಣು ಒರೆಸಿಕೊಂಡ ಮೇಲೆ ತನ್ನ ಬುಟ್ಟಿಯಿಂದ ಒಂದು ಮೊಳ ತೆಗೆದು, ಅವನ ಮುಂದೆಯೇ ಎಲ್ಲೆಂದರಲ್ಲಿ ಹರಿದು ಏಳು ತುಂಡು ಮಾಡಿದಳು. ಒಂದು ಹೂವೂ ಬೀಳಲಿಲ್ಲ.

"ಹೂವಾ ಕಟ್ಟೋದೇ ಹರಿಯಾಕೆ ಕಣ್ಲಾ. ಒಂದೊಂದ್ ಗಂಟೂ ತಾನೇ ಕಡೇ ಗಂಟು ಅನ್ಕೊಂಡು ನಿಂತ್ಕೋಬೇಕು."

ಶಶಿಕುಮಾರನಿಗೆ ನಾಚಿಕೆಯಾದದ್ದು ಬೇರೆ ಕಾರಣಕ್ಕೆ. ಫ್ಯಾಕ್ಟರಿಯಲ್ಲಿ ಪ್ರತಿ ರಾಶಿಯಿಂದ ಒಂದು ಬುಷ್ ತೆಗೆದು, ಬೇಕೆಂದೇ ಒಡೆದು, ಉಳಿದವು ಗಟ್ಟಿಯಿವೆಯೇ ಎಂದು ನೋಡುವ ಕೆಲಸ ಅವನದೇ. ಎಂಟು ವರ್ಷ ಒಡೆದವನಿಗೆ ತಾನು ಕಟ್ಟಿದ್ದನ್ನು ಒಮ್ಮೆ ಹರಿದು ನೋಡೋಣ ಎಂದು ಹೊಳೆದಿರಲಿಲ್ಲ.

ಮೊದಲಿನಿಂದ ಶುರುವಾಯಿತು. ಕೊಂಡಮ್ಮ ಅವನ ಕಣ್ಣು ಕಿತ್ತುಕೊಂಡಳು: ಹೂವನ್ನು ನೋಡಬಾರದು, ರಸ್ತೆ ನೋಡುತ್ತ ಕಟ್ಟಬೇಕು ಎಂದಳು. ಅವನು ಅತ್ತಿಬೆಲೆ ಕಡೆಯಿಂದ ಬರುವ ಲಾರಿಗಳನ್ನು ಎಣಿಸುತ್ತ ಕಟ್ಟಿದ. ಗೇಣು ಉದ್ದವಾದರೆ ಸಾಕು, ಕೊಂಡಮ್ಮ ಕೈಚಾಚಿ ಕಿತ್ತುಕೊಂಡು, ಮಾತಾಡುತ್ತಲೇ ನಡುವಿಗೆ ಹರಿಯುತ್ತಿದ್ದಳು. ಹೂ ಉದುರಿದರೆ ಮತ್ತೆ ಅವನ ಮಡಿಲಿಗೆ. ನಿಂತ ತುಂಡು ಬುಟ್ಟಿಗೆ. ಬುಟ್ಟಿಗೆ ಹೋದ ತನ್ನ ಮೊದಲ ತುಂಡನ್ನು ಹೊಸೂರಿನ ಹೆಂಗಸೊಬ್ಬಳು ಮೂಸಿಯೂ ನೋಡದೆ ಕೊಂಡು ಬಸ್ಸು ಹತ್ತಿದಾಗ ಶಶಿಕುಮಾರ್ ಅವಳ ಹಿಂದೆ ನಾಲ್ಕು ಹೆಜ್ಜೆ ಹೋಗಿಬಿಟ್ಟಿದ್ದ. ಯಾಕೆ ಬಂದೆ ಎಂಬ ಹಾಗೆ ಅವಳು ತಿರುಗಿ ನೋಡಿದಾಗ ವಾಚು ನೋಡಿಕೊಂಡು ಹಿಂದೆ ಬಂದ.

ಬಸ್ಸಿನ ಕಿಟಕಿಯಿಂದ ಇದನ್ನು ನೋಡಿದ ನರೇಶ ಮರುದಿನ ಕ್ಯಾಂಟೀನಿನಲ್ಲಿ ಡಂಗುರ ಹೊಡೆದ. ಕೆಲವು ದಿನ ಶಶಿಕುಮಾರನ ತಟ್ಟೆಯ ಪಕ್ಕ ಯಾರೋ ಒಂದು ದಾಸವಾಳ ಇಡುತ್ತಿದ್ದರು. ಸ್ಟಾಪಿನಲ್ಲಂತೂ ಜನ ಅವನನ್ನೇ ಹೂವಿನವನು ಎಂದು ತಿಳಿದು ತಮಿಳಿನಲ್ಲಿ ಮೊಳ ಎಷ್ಟೆಂದು ಕೇಳುತ್ತಿದ್ದರು. ಕತ್ತಿನಲ್ಲಿ ಐಡಿ ಕಾರ್ಡು, ಮಡಿಲಲ್ಲಿ ಕನಕಾಂಬರ. ಮೊದಮೊದಲು ನಾನಲ್ಲ ಎಂದು ಕೊಂಡಮ್ಮನ ಕಡೆ ಕೈ ತೋರಿಸುತ್ತಿದ್ದ. ಆಮೇಲಾಮೇಲೆ ಮೊಣಕೈಯಿಂದ ಬೆರಳ ತುದಿಗೆ ಅಳೆದು ಕೊಡತೊಡಗಿದ. ಅವನ ಮೊಳ ಕೊಂಡಮ್ಮನ ಮೊಳಕ್ಕಿಂತ ನಾಲ್ಕು ಬೆರಳು ಉದ್ದ. ಗಿರಾಕಿಗಳು ಅವನ ಕೈಯಿಂದಲೇ ಬೇಕೆನ್ನಲು ಶುರುಮಾಡಿದಾಗ ಕೊಂಡಮ್ಮ ಅಳೆಯುವ ಕೆಲಸದಿಂದ ಅವನನ್ನು ತೆಗೆದುಹಾಕಿದಳು.

ದಿನಾ ಸಂಜೆ ಒಂದು ಮೊಳ ಮನೆಗೆ ಒಯ್ಯುತ್ತಿದ್ದ. ಮೇಘಶ್ರೀ ಮಿಷನ್ ನಿಲ್ಲಿಸಿ, ಬಾಗಿಲಲ್ಲೇ ಅದನ್ನು ನಡುವಿಗೆ ಹರಿದು, ಎರಡು ಕ್ಷಣ ಕಾಯುತ್ತಿದ್ದಳು. ಆಮೇಲೆ ನಿಂತದ್ದೂ ಉದುರಿದ್ದೂ ಎರಡೂ ದೇವರ ಪಟಕ್ಕೆ. ದೇವರು ಯಾವುದಕ್ಕೂ ಬೇಡ ಎನ್ನಲಿಲ್ಲ. ಎನ್ನುವ ಸೌಲಭ್ಯ ಅವನಿಗಿರಲಿಲ್ಲ. ಮಳೆಗಾಲ ಹೋಯಿತು, ಅವರೆಕಾಯಿ ಕಾಲ ಬಂತು. ಒಂದು ವಾರ ಪೂರ್ತಿ ಒಂದು ಹೂವೂ ಬೀಳಲಿಲ್ಲ. ಈಗಲಾದರೂ ಮುಡಿಯಬಹುದಲ್ಲ ಎಂದು ಅವನು ಕೇಳಿದ್ದಕ್ಕೆ ಅವಳು ಬಾಯಲ್ಲಿದ್ದ ಗುಂಡುಪಿನ್ನು ತೆಗೆಯದೆ, ಬಿದ್ದದ್ದು ನಾಟ್ರಾಂಪಾಳ್ಯದಲ್ಲಿ, ನಿಲ್ಲಬೇಕಾದದ್ದೂ ಅಲ್ಲೇ ಎಂದಳು.

ಮೂರು ತಿಂಗಳು ಯಾವಾಗ ದಾಟಿತೆಂದು ಶಶಿಕುಮಾರನಿಗೆ ಗೊತ್ತೇ ಆಗಲಿಲ್ಲ. ಬೇರೆ ಹವ್ಯಾಸಗಳಿಗೆ ಅವನು ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಿದ್ದ. ಇದಕ್ಕೆ ಹಾಕುವುದನ್ನೇ ಮರೆತಿದ್ದ. ತಾನು ಎರಡು ಬಸ್ಸು ಬಿಟ್ಟು ಮೂರನೆಯದು ಹತ್ತುತ್ತಿದ್ದೇನೆ ಎಂಬುದೂ ಕೊಂಡಮ್ಮ ಹೇಳಿದಾಗಲೇ ತಿಳಿದದ್ದು. ಎದುರಿಗೆ ಲಾರಿಗಳು ಹಾರನ್ ಹೊಡೆಯುತ್ತಿದ್ದವು, ಬೆರಳು ತಮ್ಮ ಪಾಡಿಗೆ ತಾವು ಕುಣಿಕೆ ಹಾಕಿ ಎಳೆಯುತ್ತಿದ್ದವು, ಬೆಳಿಗ್ಗೆ ಸೂಪರ್‌ವೈಸರ್ ಹೇಳಿದ ಮಾತು ಎಲ್ಲೋ ಹತ್ತನೆಯ ಗಂಟಿನ ಹತ್ತಿರ ಉದುರಿಹೋಗಿರುತ್ತಿತ್ತು. ಇದಕ್ಕೆ ಸುಖ ಎನ್ನುತ್ತಾರೇನೋ ಎಂದು ಒಮ್ಮೆ ಅನುಮಾನ ಬಂತು. ಇಷ್ಟು ಅಗ್ಗದ್ದು ಇರಲಾರದು ಎಂದು ಆ ಅನುಮಾನವನ್ನು ಕೆಂಪು ಡಬ್ಬಕ್ಕೆ ಹಾಕಿದ.

ಸುಷ್ಮಾಳ ಮಗುವಿಗೆ ವರ್ಷ ತುಂಬಿತು, ಕಿವಿ ಚುಚ್ಚಿಸುವ ಕಾರ್ಯ ನಿಶ್ಚಯವಾಯಿತು. ಬಾಡೂಟ, ನೂರು ಜನ, ಸೀಮಂತಕ್ಕೆ ಬಂದಿದ್ದವರೆಲ್ಲ ಬರುವವರು. ಹಿಂದಿನ ಮಧ್ಯಾಹ್ನ ಶಶಿಕುಮಾರ್ ನಾಲ್ಕು ಮೊಳ ಕಾಕಡ ಕಟ್ಟಿ, ನಡುನಡುವೆ ಮರುಗ ಸೇರಿಸಿ, ಬಾಳೆಲೆಯಲ್ಲಿ ಸುತ್ತಿ ಒದ್ದೆ ಬಟ್ಟೆ ಹೊದಿಸಿದ. ಬೆಳಿಗ್ಗೆ ಮೇಘಶ್ರೀ ಜಡೆ ಹೆಣೆದು, ಅವನಿಗೆ ಬೆನ್ನು ಹಾಕಿ ಕೂತು, ಹೆಗಲ ಮೇಲಿಂದ ಹೇರ್‌ಪಿನ್ನು ಚಾಚಿದಳು. ಕಟ್ಟಲು ಕಲಿತ ಬೆರಳಿಗೆ ಮುಡಿಸುವುದು ಹೊಸದು. ಪಿನ್ನು ಅವಳ ಕಿವಿಗೆ ಚುಚ್ಚಿತು.

"ಕಿವಿ ಚುಚ್ಚೋದು ಅಲ್ಲಿ ಐತೆ," ಎಂದಳು ಅವಳು.

ಡೆಂಕಣಿಕೋಟೆ ದಾಟಿ ಬಸ್ಸು ಕಾಡಿನ ತಿರುವುಗಳಿಗೆ ಇಳಿಯಿತು. ಅವಳು ಮುಂದೆ ಹೆಂಗಸರ ಸೀಟಿನಲ್ಲಿ. ಅವನು ಹಿಂದೆ ಕಂಬಿ ಹಿಡಿದು ನಿಂತು, ಪ್ರತಿ ತಿರುವಿಗೂ ಕತ್ತು ಉದ್ದ ಮಾಡಿ ಆ ಬಿಳಿಯ ದಂಡೆಯನ್ನೇ ನೋಡುತ್ತಿದ್ದ. ಅವನು ಕೂರಲು ಜಾಗ ಹುಡುಕುತ್ತಿದ್ದಾನೆಂದು ತಿಳಿದು ಒಬ್ಬ ಮುದುಕ ಸೀಟು ಬಿಟ್ಟುಕೊಟ್ಟ. ಕೂತರೆ ದಂಡೆ ಕಾಣುವುದಿಲ್ಲವೆಂದು ಅವನು ಬೇಡವೆಂದ.

ಅಂಗಳಕ್ಕೆ ಕಾಲಿಡುತ್ತಲೇ ಹೆಂಗಸರು ಸುತ್ತುಗಟ್ಟಿದರು. ಸುಷ್ಮಾ ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದು ನೇರವಾಗಿ ಜಡೆಗೇ ಕಣ್ಣು ಹಾಕಿದಳು. ಇದೂ ಅಳಿಯಂದಿರದೇನಾ ಎಂದು ಕೇಳಿ ಪಕ್ಕದಲ್ಲಿದ್ದ ಆರತಿ ತಟ್ಟೆಯನ್ನು ದೂರ ಸರಿಸುವ ನಾಟಕ ಮಾಡಿದಳು. ನಗೆ ಎದ್ದಿತು. ಮೇಘಶ್ರೀ ದಂಡೆ ಬಿಚ್ಚಿ ಎರಡು ಕೈಯಲ್ಲಿ ಹಿಡಿದಳು. ಶಶಿಕುಮಾರ್ ಗಂಡಸರ ಕಡೆ, ಮಾವ ಮುನಿಯಲ್ಲಪ್ಪನ ಪಕ್ಕದಲ್ಲಿ ನಿಂತಿದ್ದವನು, ಮಾವ ಕೇಳಿದ ಮಳೆಯ ವಿಷಯಕ್ಕೆ, ಯಾಕೆ ಹೂಂ ಎನ್ನುತ್ತಿದ್ದೇನೆಂದು ತಿಳಿಯದೆ, ಹೂಂ ಎಂದ.

ಅವಳು ಹರಿದಳು. ಸುಷ್ಮಾಳಿಗೆ ಕೊಟ್ಟಳು. ಮತ್ತೆ ಹರಿದಳು, ಸುಷ್ಮಾಳ ತಾಯಿಗೆ. ಮತ್ತೆ ಹರಿದಳು, ಪಕ್ಕದ ಮನೆಯ ಲಕ್ಷ್ಮಿದೇವಮ್ಮನಿಗೆ, ಆಮೇಲೆ ಇಬ್ಬರು ಹುಡುಗಿಯರಿಗೆ. ನೆಲದ ಮೇಲೆ ಒಂದು ಹೂವಿಲ್ಲ. ಕೊಡುತ್ತ ಕೊಡುತ್ತ ಅವಳ ಕೈಯಲ್ಲಿ ಒಂದು ಗೇಣು ಉಳಿಯಿತು. ಅದನ್ನು ಅವಳು ಮತ್ತೆ ಮುಡಿದುಕೊಂಡಳು.

ಶಶಿಕುಮಾರನ ಪರೀಕ್ಷೆ ಈಗ ಆರು ತಲೆಗಳಿಗೆ ಹಂಚಿಹೋಗಿತ್ತು. ಅವನು ಅಂಗಳದಲ್ಲಿ ಸುಮ್ಮನೆ ಓಡಾಡುವವನಂತೆ ಒಂದೊಂದೇ ತಲೆಯ ಹಿಂದೆ ಹೋಗಿ ನೋಡಿದ. ಲಕ್ಷ್ಮಿದೇವಮ್ಮನ ಹಿಂದೆ ಎರಡನೆಯ ಸಲ ಹೋದಾಗ ಅವಳ ಗಂಡ ಏನಾದರೂ ಬೇಕಿತ್ತೇ ಎಂದು ಗಂಭೀರವಾಗಿ ವಿಚಾರಿಸಿದ. ನೀರು ಎಂದ ಶಶಿಕುಮಾರ್. ಬೇಡದ ಎರಡು ಲೋಟ ನೀರು ಕುಡಿದ.

ಸಾಕಮ್ಮನ ತಲೆಯಲ್ಲಿ ಕೂದಲೇ ಕಡಿಮೆ. ಮೊಮ್ಮಗಳು ತನ್ನ ಗೇಣಿನಿಂದಲೇ ಹರಿದು ಕೊಟ್ಟ ನಾಲ್ಕು ಗಂಟಿನ ತುಂಡನ್ನು ಮುದುಕಿ ಕಣ್ಣಿನ ಹತ್ತಿರ ಹಿಡಿದು, ಉಗುರಿನಿಂದ ಕುಣಿಕೆ ಕೆದಕಿ, ಎರಡು ಗಂಟು ಹರಿದು ಮಗುವಿನ ಟೋಪಿಗೆ ಸಿಕ್ಕಿಸಿದಳು. ಮಗು ತಕ್ಷಣ ಅದನ್ನು ಕಿತ್ತು ಬಾಯಿಗೆ ಹಾಕಿಕೊಂಡಿತು. ಸುಷ್ಮಾ ಹೊರಗೆಳೆದಾಗ ಜೊಲ್ಲಿನಲ್ಲಿ ತೊಯ್ದ ಎರಡೂ ಗಂಟು ಹಾಗೆಯೇ ಇದ್ದವು. ಸಾಕಮ್ಮ ಅಂಗಳದ ಆ ಕಡೆಗೆ ಕೇಳುವ ಹಾಗೆ ಮೇಘಶ್ರೀಯನ್ನು ಕೇಳಿದಳು, ಇದನ್ನ ಯಾವ ಮಾರ್ಕೆಟ್ಟಲ್ಲಿ ತಂದ್ರಿ ಎಂದು.

"ಮಾರ್ಕೆಟ್ಟಿಂದಲ್ಲಜ್ಜಿ. ಅವ್ರೇ ಕಟ್ಟಿದ್ದು," ಎಂದಳು ಮೇಘಶ್ರೀ. ಅಷ್ಟೇ ಹೇಳಿ ಒಳಗೆ ಹೋದಳು.

ಈ ಮಾತಿಗಾಗಿ ಒಂದೂಕಾಲು ವರ್ಷ ಕಾದಿದ್ದ ಶಶಿಕುಮಾರ್ ಅದನ್ನು ಸರಿಯಾಗಿ ಸವಿಯುವ ಮೊದಲೇ ಲಕ್ಷ್ಮಿದೇವಮ್ಮ ಬಿಡಿ ಕನಕಾಂಬರದ ಮೊರ ತಂದು ಅವನ ಮುಂದೆ ಇಟ್ಟಳು. ಬಾಗಿಲಿಗೆ, ತೊಟ್ಟಿಲಿಗೆ, ಬರುವ ಹೆಂಗಸರಿಗೆ ಹೂ ಸಾಲದು, ಕಟ್ಟುವವರು ಇಬ್ಬರೇ ಇದ್ದಾರೆ, ಕೂತ್ಕೊಳಪ್ಪ ಎಂದಳು. ಜಗುಲಿಯ ಮೇಲೆ ಇಸ್ಪೀಟಿಗೆ ಕೂತಿದ್ದ ಗಂಡಸರು ಒಂದು ಕೈ ಕಡಿಮೆಯಿದೆ ಎಂದು ಕೂಗುತ್ತಿದ್ದರು. ಅವನು ಹೆಂಗಸರ ನಡುವೆ ಚಕ್ಕಳಮಕ್ಕಳ ಹಾಕಿದ. ನಾರಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡ. ಜಗುಲಿಯಿಂದ ಮಾವ ಏನೋ ಗೇಲಿ ಮಾಡಿದ. ಅದು ಏನೆಂದು ಶಶಿಕುಮಾರನಿಗೆ ಕೇಳಿಸಲಿಲ್ಲ, ಅಷ್ಟರಲ್ಲಿ ಅವನು ಐದನೆಯ ಗಂಟಿನಲ್ಲಿದ್ದ.

ಮೊದಲ ಪಂಕ್ತಿ ಎದ್ದಿತು. ಎರಡನೆಯದು ಕೂತು, ಮುದ್ದೆ ಮುರಿದು, ಬಾಡು ಕೊಂಡಾಡಿ, ಅದೂ ಎದ್ದಿತು. ಅವನ ಹೊಟ್ಟೆ ಕರೆದದ್ದು ಪಕ್ಕದ ಹೆಂಗಸರಿಗೂ ಕೇಳಿಸಿತು. ಮೇಘಶ್ರೀ ಕೈ ಒರೆಸಿಕೊಳ್ಳುತ್ತ ಬಂದು ನಿಂತಳು.

"ಏಳಿ, ಮೂರ್ನೇ ಪಂಕ್ತಿಗೆ ಬಾಡಿನ ತುಂಡು ಖಾಲಿ. ಬರೀ ಸಾರು ಉಳ್ದೈತೆ."

"ಇನ್ನೊಂದು ಮೊಳ ಐತೆ," ಎಂದ ಅವನು, ಅಂಗಳದಾಚೆಯ ಹುಣಸೆ ಮರವನ್ನು ನೋಡುತ್ತ.

ಅವಳು ಪಕ್ಕದಲ್ಲಿ ಕೂತು, ಮೊರವನ್ನು ತನ್ನ ಕಡೆ ಎಳೆದುಕೊಂಡು, ಎರಡು ಈ ಕಡೆ ತಲೆ, ಎರಡು ಆ ಕಡೆ ತಲೆ ಜೋಡಿಸಿ ಅವನ ಎಡಗೈಗೆ ಕೊಡತೊಡಗಿದಳು.